ಕೀರ್ತನೆಗೆ ಒದಗಿದ ರಾಗ

ಕನ್ನಡ ಬೈಬಲಿನಲ್ಲಿ ನೂರೈವತ್ತು ಸ್ತೋತ್ರಗೀತಗಳ ಒಂದು ಭಾಗವಿದೆ. ಹೀಬ್ರೂ ಭಾಷೆಯಲ್ಲಿ ಅದಕ್ಕೆ 'ತೆಹಿಲ್ಲೀಮ್' ಎಂದು ಹೆಸರು. ಸ್ತುತಿಗಳು ಎಂದು ಅದರ ಅರ್ಥ. ಕನ್ನಡದಲ್ಲಿ ಅದು 'ಕೀರ್ತನೆಗಳು'. ಪುರಂದರದಾಸರ ಹಾಡಿಗೆ ನಾವು ಕೊಟ್ಟಿರುವ ಹೆಸರೇ ದಾವೀದನ ಹಾಡಿಗೂ ಸಂದಿದೆ. ಆದರೆ ಹೆಸರು ಬಂದಷ್ಟು ಸುಲಭವಾಗಿ ರಾಗ ಬರಲಿಲ್ಲ. ಕ್ರೈಸ್ತರ ದೇವಸ್ತುತಿ ಕನ್ನಡದ ಬಾಯಿಗೆ ಒಗ್ಗಿದ ಕಥೆ ಅಷ್ಟೊಂದು ಸರಳವಾದುದಲ್ಲ.

ದೇವರಿಗೆ ನಮ್ಮ ಹೊಗಳಿಕೆಯಿಂದ ಆಗಬೇಕಾದುದೇನು ಎಂದು ಕೇಳುವವರುಂಟು. ಆಗಬೇಕಾದುದು ಏನೂ ಇಲ್ಲ. ಕ್ರೈಸ್ತ ಆಚಾರ್ಯರೂ ಹಾಗೆಯೇ ಹೇಳಿದ್ದಾರೆ. ಸ್ತುತಿ ಬೇಕಾದದ್ದು ಮನುಷ್ಯನಿಗೆ. ಬೇಡುವವನ ಕಣ್ಣು ತನ್ನ ಕೊರತೆಯ ಮೇಲಿರುತ್ತದೆ. ಸ್ತುತಿಸುವವನ ಕಣ್ಣು ಆ ಕೊರತೆಯನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡಿದ್ದ ಪೌಲನೂ ಸೀಲನೂ ನಡುರಾತ್ರಿಯಲ್ಲಿ ಹಾಡಿದರೆಂದು ಹೊಸ ಒಡಂಬಡಿಕೆ ಹೇಳುತ್ತದೆ.

ಇದಕ್ಕೆ ಕ್ರೈಸ್ತರಲ್ಲದವರ ಸಾಕ್ಷ್ಯವೂ ಉಂಟು. ಕ್ರಿ. ಶ. 112ರ ಸುಮಾರಿಗೆ ಬಿಥೂನ್ಯದ ಅಧಿಪತಿಯಾಗಿದ್ದ ಪ್ಲಿನಿ, ರೋಮಿನ ಚಕ್ರವರ್ತಿ ಟ್ರಾಜನನಿಗೆ ಒಂದು ಪತ್ರ ಬರೆದ. ಕ್ರೈಸ್ತರ ಅಪರಾಧವೇನೆಂದು ತಿಳಿಯಲು ಅವನು ಇಬ್ಬರು ದಾಸಿಯರನ್ನು ಹಿಂಸೆಗೆ ಒಳಪಡಿಸಿದ್ದ. ಅವನ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇಷ್ಟೆ: ಈ ಜನ ಗೊತ್ತಾದ ದಿನ ಬೆಳಗಾಗುವ ಮುನ್ನ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಬಗೆದು ಒಬ್ಬರಾದ ಮೇಲೆ ಒಬ್ಬರು ಸ್ತುತಿ ಹಾಡುತ್ತಾರೆ, ಕಳವು, ವ್ಯಭಿಚಾರ ಮಾಡುವುದಿಲ್ಲವೆಂದು ಪ್ರತಿಜ್ಞೆ ಮಾಡುತ್ತಾರೆ. ಪ್ರಾಣಕ್ಕೆ ಸಂಚಕಾರವಿದ್ದಾಗಲೂ ಅವರು ಬಿಡಲೊಲ್ಲದೆ ಹೋದದ್ದು ಹಾಡನ್ನು!

ಮುಂದೆ ಧರ್ಮ ರಾಜಮನ್ನಣೆ ಪಡೆದ ಮೇಲೆ ಪಶ್ಚಿಮ ಯೂರೋಪಿನಲ್ಲಿ ಈ ಹಾಡು ಬಹುಮಟ್ಟಿಗೆ ಪಾದ್ರಿಗಳ ಮತ್ತು ಮಠಗಳ ಲ್ಯಾಟಿನ್ ಗಾನವಾಯಿತು. ಜನ ನಿಂತು ಕೇಳುವವರಾದರು. ಮಾರ್ಟಿನ್ ಲೂಥರ್ ಹಾಡನ್ನು ಮತ್ತೆ ಜನರಿಗೆ ಒಪ್ಪಿಸಿದ. 1524ರಲ್ಲಿ ಅವನ ಜರ್ಮನ್ ಹಾಡುಗಳ ಪುಸ್ತಕಗಳು ಅಚ್ಚಾದವು. ರೈತನೂ ಕಮ್ಮಾರನೂ ದೇವರನ್ನು ಮನೆಯ ಮಾತಿನಲ್ಲಿ, ತಮ್ಮ ಕಿವಿಗೆ ಹಿಡಿಸುವ ಧಾಟಿಯಲ್ಲಿ ಸ್ತುತಿಸುವಂತಾಯಿತು.

ಈ ಹಾಡಿನ ಪರಂಪರೆಯಲ್ಲಿ ಬೆಳೆದವರೇ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು. ಎರಡು ವರ್ಷಗಳ ತರುವಾಯ ಹೆರ್ಮನ್ ಮೋಗ್ಲಿಂಗ್ ಬಂದರು. ಅವರೂ ಅವರ ಜೊತೆಗಾರರೂ ಕನ್ನಡವನ್ನು ಶ್ರದ್ಧೆಯಿಂದ ಕಲಿತು, ತಮ್ಮ ನಾಡಿನ ಹಾಡುಗಳನ್ನು ಕನ್ನಡಿಸಿದರು. ಮಾತು ಕನ್ನಡದ್ದಾಯಿತು, ಧಾಟಿ ಜರ್ಮನಿಯದಾಗಿಯೇ ಉಳಿಯಿತು. ಲೂಥರನ ಹಾಡನ್ನು ತಂದವರು, ಲೂಥರ್ ಮಾಡಿದ ಕೆಲಸದ ಅರ್ಧವನ್ನು ಮಾತ್ರ ಇಲ್ಲಿ ಮಾಡಿದಂತಾಯಿತು.

ಇದರ ತೊಡಕು ಸಣ್ಣದಲ್ಲ. ಜರ್ಮನ್ ಪದ್ಯದ ಜೀವ ಉಚ್ಚಾರದ ಒತ್ತಿನಲ್ಲಿದೆ. ಕನ್ನಡ ಪದ್ಯದ ಜೀವ ಲಘು ಗುರುಗಳ ಅಳತೆಯಲ್ಲಿದೆ. ಅವರ ಪ್ರಾಸ ಸಾಲಿನ ಕೊನೆಯಲ್ಲಿ. ನಮ್ಮ ಹಳೆಯ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ. ಧಾಟಿ ಎಳೆಯುವ ಎಡೆಯಲ್ಲಿ ಲಘು ಬಂದು ಕುಳಿತರೆ 'ಮನ' ಎಂಬುದು 'ಮಾನ'ವಾಗುತ್ತದೆ, 'ಪದ' ಎಂಬುದು 'ಪಾದ'ವಾಗುತ್ತದೆ. ಹಾಡುವವನ ಭಕ್ತಿ ನಿಜವೇ ಆಗಿದ್ದರೂ ನಾಲಗೆ ಎಡವುತ್ತದೆ.

ಆ ಕಾಲದಲ್ಲಿ ಹಾಡಿದವರು ಯಾರೆಂಬುದನ್ನೂ ನೆನೆಯಬೇಕು. 1844ರಲ್ಲಿ ಆನಂದರಾವ್ ಕೌಂಡಿನ್ಯರೆಂಬ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವೆದ್ದಿತು. ಹೀಗೆ ಮತಾಂತರ ಹೊಂದಿದವರಿಗೆ ಹುಟ್ಟಿದ ಮನೆ, ಕುಲ, ಪಂಕ್ತಿ ಎಲ್ಲವೂ ದೂರವಾಗುತ್ತಿದ್ದವು. ಅವರಿಗೆ ಉಳಿದ ಮನೆಯೆಂದರೆ ಸಭೆ. ಆ ಮನೆಯ ಒಲೆಯೆಂದರೆ ಭಾನುವಾರದ ಹಾಡು. ಆ ಹಾಡಿನಲ್ಲಿಯೂ ತಾಯಿಯಿಂದ ಕೇಳಿದ ರಾಗ ಇಲ್ಲವೆಂದರೆ ನಷ್ಟ ಎಷ್ಟು ದೊಡ್ಡದು!

ಮೋಗ್ಲಿಂಗರಿಗೆ ನಮ್ಮ ಹಾಡಿನ ಬೆಲೆ ತಿಳಿಯದೆ ಇರಲಿಲ್ಲ. 1850ರಲ್ಲಿ ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದವರು ಅವರೇ. ಹರಿಯ ಸ್ತುತಿಯನ್ನು ಕ್ರೈಸ್ತ ಬೋಧಕರೊಬ್ಬರು ಅಚ್ಚಿಗೆ ತಂದದ್ದು ನಮ್ಮ ಸಾಹಿತ್ಯಚರಿತ್ರೆಯ ಒಂದು ಸೊಗಸು. ಆದರೆ ಅಚ್ಚಿನ ಮನೆಯಿಂದ ಆರಾಧನೆಯ ಮನೆಗೆ ಆ ಧಾಟಿ ನಡೆದು ಬರಲು ಇನ್ನೊಬ್ಬರು ಬೇಕಾಯಿತು.

ಅವರೇ ಫರ್ಡಿನೆಂಡ್ ಕಿಟ್ಟೆಲ್. 1894ರ ಮಹಾಕೋಶದ ಕರ್ತೃವೆಂದು ನಾವೆಲ್ಲ ಅವರನ್ನು ಬಲ್ಲೆವು. ಅದಕ್ಕೆ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ, ಅವರು 'ಕಥಾಮಾಲೆ'ಯನ್ನು ಹೊರತಂದಿದ್ದರು. ಕ್ರಿಸ್ತನ ಚರಿತೆಯನ್ನು ಈ ನಾಡಿನ ಪದ್ಯರೀತಿಯಲ್ಲಿ ಹೇಳುವ ಕೃತಿ ಅದು. ಮುಂದೆ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದ ಕೈ, ಅದಕ್ಕೆ ಮೊದಲೇ ಆ ಛಂದಸ್ಸಿನಲ್ಲಿ ಪಳಗಿತ್ತು. ಪರಭಾಷೆಯವನೊಬ್ಬ ನಮ್ಮ ಮಾತ್ರೆಗಳಿಗೆ ತಲೆಬಾಗಿ ತನ್ನ ದೇವರನ್ನು ಹಾಡಿದ್ದು ಪಾಂಡಿತ್ಯಕ್ಕಿಂತ ಹೆಚ್ಚಿನದು, ಅದು ವಿನಯ.

ಈ ದಾರಿಯಲ್ಲಿ ನಡೆದವರು ಬೇರೆಡೆಯಲ್ಲಿಯೂ ಇದ್ದರು. ತಂಜಾವೂರಿನ ವೇದನಾಯಕ ಶಾಸ್ತ್ರಿಗಳು (1774–1864) ತಮಿಳಿನಲ್ಲಿ ಕ್ರೈಸ್ತ ಕೀರ್ತನೆಗಳನ್ನು ರಚಿಸಿದರು. 1895ರಲ್ಲಿ ಕ್ರೈಸ್ತರಾದ ನಾರಾಯಣ ವಾಮನ ತಿಲಕರು ಮರಾಠಿಯ ಅಭಂಗದ ಧಾಟಿಯಲ್ಲಿಯೇ ಕ್ರಿಸ್ತನನ್ನು ಹಾಡಿದರು. ಲ್ಯಾಟಿನ್ ಪೂಜಾವಿಧಿಯ ಕಥೋಲಿಕರಿಗೆ ದೇಶಭಾಷೆಯ ಬಾಗಿಲು ಅಗಲವಾಗಿ ತೆರೆದದ್ದು 1963ರ ವ್ಯಾಟಿಕನ್ ಮಹಾಸಭೆಯ ನಿರ್ಣಯದಿಂದ.

ನಾಡಿನ ರಾಗ ಬಂದರೆ ಹಳೆಯ ದೇವರ ನೆನಪೂ ಬಂದೀತೆಂಬ ಅಂಜಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ರಾಗಕ್ಕೆ ನೆನಪು ಉಂಟು. ಹಾಡಿನ ಇಂಪು ಹಾಡಿನ ಅರ್ಥವನ್ನು ನುಂಗಿದರೆ ತಾನು ಪಾಪಿಯೆಂದು ಸಂತ ಅಗಸ್ಟಿನನೇ ತನ್ನ ಆತ್ಮನಿವೇದನೆಯಲ್ಲಿ ತಳಮಳಿಸಿದ್ದಾನೆ. ಆದರೂ ಅವನು ಹಾಡು ಬೇಡವೆನ್ನಲಿಲ್ಲ. ಸಭೆಯ ಹಾಡು ಕೇಳಿ ತಾನು ಸುರಿಸಿದ ಕಣ್ಣೀರನ್ನು ಅವನು ಮರೆತಿರಲಿಲ್ಲ.

ಇಂದು ಕನ್ನಡದ ಸಭೆಗಳಲ್ಲಿ ಎರಡು ಬಗೆಯ ಹಾಡೂ ಕೇಳಿಬರುತ್ತದೆ. ತಲೆಮಾರುಗಳ ಕಾಲ ಮದುವೆಯಲ್ಲಿ, ಮಣ್ಣು ಮಾಡುವ ಹೊತ್ತಿನಲ್ಲಿ ಹಾಡಿದ ಮೇಲೆ ಜರ್ಮನಿಯ ಧಾಟಿಯೂ ಮನೆಯದೇ ಆಗಿದೆ. ಅದನ್ನು ಈಗ ಪರಕೀಯವೆನ್ನುವುದು ನ್ಯಾಯವಲ್ಲ. ಆದರೆ ಕಿಟ್ಟೆಲರು ತೋರಿದ ದಾರಿಯ ತಥ್ಯ ಹಾಗೆಯೇ ಉಳಿದಿದೆ. ಬೇಡಿಕೆಯನ್ನು ಮನುಷ್ಯ ಕಲಿತ ಭಾಷೆಯಲ್ಲಿಯೂ ಸಲ್ಲಿಸಬಲ್ಲ. ಆದರೆ ನಡುರಾತ್ರಿಯಲ್ಲಿ, ಕಾಲಿಗೆ ಕೋಳವಿರುವಾಗ, ಪುಸ್ತಕವಿಲ್ಲದೆ ದೀಪವಿಲ್ಲದೆ ಬಾಯಿಗೆ ಬರುವ ಸ್ತುತಿ, ನಾಲಗೆ ಎಡವದೆ ಹಾಡಬಲ್ಲ ಹಾಡೇ ಆಗಿರುತ್ತದೆ.