ಬೈಕ್ ಮಾಡಿಫೈ ಮಾಡುವಾಗ ಬೋಲ್ಟ್ ಅಲ್ಲಾಡುತ್ತಿಲ್ಲವೇ? ಬಲ ಹಾಕುವ ಮುನ್ನ ಇದನ್ನು ಓದಿ

ಬೈಕ್‌ಗೆ ಬೇರೆ ಸೈಲೆನ್ಸರ್, ಹ್ಯಾಂಡಲ್ ಅಥವಾ ಫುಟ್‌ರೆಸ್ಟ್ ಹಾಕುವಾಗ ಹೊಸದನ್ನು ಕೂರಿಸುವುದು ಸುಲಭ, ಹಳೆಯದನ್ನು ಬಿಚ್ಚುವುದೇ ಕಷ್ಟ. ವರ್ಷಗಟ್ಟಲೆ ಮಳೆ, ಕೆಸರು, ಶಾಖ ಕಂಡ ಬೋಲ್ಟ್ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಆಗ ಸ್ಪ್ಯಾನರ್‌ಗೆ ಉದ್ದದ ಪೈಪ್ ಸಿಕ್ಕಿಸಿ ಎಳೆದರೆ ಸೈಲೆನ್ಸರ್ ಹಿಡಿದಿರುವ ಸ್ಟಡ್ ಎಂಜಿನ್ ಹೆಡ್‌ನೊಳಗೇ ಮುರಿಯಬಹುದು. ಸಣ್ಣ ಬೋಲ್ಟ್ ಒಂದಕ್ಕಾಗಿ ಹೆಡ್ಡನ್ನೇ ಬಿಚ್ಚಿ ಲೇತ್ ಅಂಗಡಿಗೆ ಒಯ್ಯಬೇಕಾಗುತ್ತದೆ. ಆದ್ದರಿಂದ ಬೋಲ್ಟ್ ಏಕೆ ಹಿಡಿದುಕೊಂಡಿದೆ ಎಂದು ಮೊದಲು ತಿಳಿಯಿರಿ, ಆಮೇಲೆ ಕೈ ಹಾಕಿ.

ಹಿಡಿದುಕೊಳ್ಳಲು ಮೂರು ಕಾರಣ

ಮೊದಲನೆಯದು ತುಕ್ಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಥ್ರೆಡ್‌ಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಮುಂಬೈ, ಚೆನ್ನೈ, ಮಂಗಳೂರಿನಂತಹ ಕಡಲತೀರದ ಊರುಗಳಲ್ಲಿ ಉಪ್ಪುಗಾಳಿಯಿಂದಾಗಿ ಇದು ಬೇಗ ಆಗುತ್ತದೆ.

ಎರಡನೆಯದು ಎರಡು ಲೋಹಗಳ ಜಗಳ. ಎಂಜಿನ್‌ನ ಅಲ್ಯೂಮಿನಿಯಂ ಭಾಗಕ್ಕೆ ಉಕ್ಕಿನ ಬೋಲ್ಟ್ ಹಾಕಿದಾಗ, ತೇವ ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಥ್ರೆಡ್‌ನಲ್ಲಿ ಗಟ್ಟಿಯಾಗುತ್ತದೆ.

ಮೂರನೆಯದು ಥ್ರೆಡ್‌ಲಾಕರ್. ಡಿಸ್ಕ್ ಬ್ರೇಕ್‌ನಂತಹ ಕಡೆ ಬೋಲ್ಟ್ ಸಡಿಲವಾಗದಿರಲೆಂದು ಕಂಪನಿಯೇ ಹಾಕುವ ಅಂಟು ಇದು.

ಮೊದಲು ಸ್ವಚ್ಛ ಮಾಡಿ, ಸರಿಯಾದ ಟೂಲ್ ಹಿಡಿಯಿರಿ

ವೈರ್ ಬ್ರಷ್‌ನಿಂದ ಥ್ರೆಡ್ ಉಜ್ಜಿ. ಅಲೆನ್ ಬೋಲ್ಟ್ ಆದರೆ ಗುಳಿಯಲ್ಲಿನ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಹನ್ನೆರಡು ಮೂಲೆಯ ಸಾಕೆಟ್‌ಗಿಂತ ಆರು ಮೂಲೆಯದು ಬೋಲ್ಟ್ ತಲೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಳೆಯ ಬುಲೆಟ್‌ಗಳಲ್ಲಿ ಇಂಚಿನ ಅಳತೆಯ ಬೋಲ್ಟ್‌ಗಳಿವೆ, ಅವಕ್ಕೆ ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ತಲೆ ಸವೆದುಹೋಗುತ್ತದೆ. ಜಪಾನಿ ಬೈಕ್‌ಗಳ ಪ್ಲಸ್ ಆಕಾರದ ಸ್ಕ್ರೂಗಳು ಹೆಚ್ಚಾಗಿ ಜೆಐಎಸ್ ಮಾದರಿಯವು. ಸಾಮಾನ್ಯ ಫಿಲಿಪ್ಸ್ ಡ್ರೈವರ್ ಅಲ್ಲಿ ಜಾರುತ್ತದೆ. ಇವಕ್ಕೆ ಜೆಐಎಸ್ ಬಿಟ್ ಹಾಕಿದ, ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಒಳ್ಳೆಯದು.

ತಿರುಗಿಸುವ ದಿಕ್ಕೂ ಗೊತ್ತಿರಲಿ. ಯಮಹಾದ ಹಲವು ಬೈಕ್‌ಗಳ ಬಲಗಡೆಯ ಕನ್ನಡಿಗೆ ಎಡ ಥ್ರೆಡ್ ಇದ್ದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಅದು ಬಿಚ್ಚುತ್ತದೆ.

ಎಣ್ಣೆ ಹಾಕಿ, ಕಾಯಿರಿ

ತುಕ್ಕಿಗೆ ಪೆನಿಟ್ರೇಟಿಂಗ್ ಆಯಿಲ್ ಮದ್ದು. ಡಬ್ಲ್ಯೂಡಿ-40 ಸ್ಪ್ರೇ ಮೂಲತಃ ತಯಾರಾದದ್ದು ಲೋಹದಿಂದ ನೀರನ್ನು ದೂರವಿಡಲು, ಹೆಸರಿನ ಅರ್ಥವೂ ಅದೇ. ಹಟಮಾರಿ ಬೋಲ್ಟ್‌ಗೆ ಇದೇ ಕೆಲಸಕ್ಕೆಂದು ಮಾಡಿದ ಎಣ್ಣೆ ಮೇಲು. ರಾತ್ರಿ ಹಾಕಿ, ಬೆಳಗ್ಗೆ ಮತ್ತೊಮ್ಮೆ ಹಾಕಿ. ನಡುವೆ ಬೋಲ್ಟ್ ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ತುಕ್ಕು ಬಿರಿದು ಎಣ್ಣೆ ಇಳಿಯುತ್ತದೆ.

ಬಿಚ್ಚುವಾಗ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಕಾಲು ಸುತ್ತು ಬಂದು ಮತ್ತೆ ಗಟ್ಟಿಯಾದರೆ ಎಳೆಯಬೇಡಿ. ಹಿಂದಕ್ಕೆ ತಿರುಗಿಸಿ, ಎಣ್ಣೆ ಹಾಕಿ, ಮತ್ತೆ ಮುಂದಕ್ಕೆ ಬನ್ನಿ. ಸ್ಪ್ಯಾನರ್ ರಬ್ಬರಿನಂತೆ ಬಳುಕಿದ ಅನುಭವವಾದರೆ ಬೋಲ್ಟ್ ತಿರುಚುತ್ತಿದೆ ಎಂದರ್ಥ. ತಕ್ಷಣ ನಿಲ್ಲಿಸಿ.

ಶಾಖ ಎಲ್ಲಿಗೆ ಕೊಡಬೇಕು?

ಉಕ್ಕಿಗಿಂತ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದ್ದರಿಂದ ಬೋಲ್ಟ್‌ಗಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂಗೆ ಹೀಟ್ ಗನ್ ಹಿಡಿಯಿರಿ. ಥ್ರೆಡ್‌ಲಾಕರ್ ಇದ್ದರೆ ಬೋಲ್ಟನ್ನೇ ಬಿಸಿ ಮಾಡಿ, ಬಿಸಿ ಇರುವಾಗಲೇ ಬಿಚ್ಚಿ. ಗಟ್ಟಿ ಹಿಡಿತದ ಬಗೆ ಸಡಿಲವಾಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕಾಗುತ್ತದೆ. ಇಷ್ಟು ಶಾಖಕ್ಕೆ ಆಯಿಲ್ ಸೀಲ್, ವೈರಿಂಗ್ ಹಾಳಾಗುತ್ತವೆ ಎಂಬುದು ನೆನಪಿರಲಿ.

ಶಾಖ ಕೊಡುವ ಮುನ್ನ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರವಿಡಿ, ಚೆಲ್ಲಿದ ಎಣ್ಣೆ ಒರೆಸಿ. ಬ್ರೇಕ್ ಕ್ಲೀನರ್ ಬಳಸಿದ ಜಾಗವನ್ನಂತೂ ಬಿಸಿ ಮಾಡಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಸುಟ್ಟರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ತಲೆ ಸವೆದರೆ, ಬೋಲ್ಟ್ ಮುರಿದರೆ

ಸವೆದ ಅಲೆನ್ ಬೋಲ್ಟ್‌ಗೆ ಸ್ವಲ್ಪ ದೊಡ್ಡ ಟಾರ್ಕ್ಸ್ ಬಿಟ್ ಬಡಿದು ತಿರುಗಿಸಬಹುದು. ಹೊರಗೆ ಚಾಚಿದ ತಲೆಯಾದರೆ ಲಾಕಿಂಗ್ ಪ್ಲೈಯರ್ ಸಾಕು. ಮುರಿದ ಸ್ಟಡ್ ಸ್ವಲ್ಪ ಹೊರಗಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸುವುದು ಒಳ್ಳೆಯ ಉಪಾಯ. ಹಿಡಿಯಲು ತಲೆಯೂ ಸಿಗುತ್ತದೆ, ವೆಲ್ಡಿಂಗ್ ಶಾಖಕ್ಕೆ ತುಕ್ಕೂ ಬಿಡುತ್ತದೆ. ಆದರೆ ಬ್ಯಾಟರಿ, ಇಸಿಯು ಸಂಪರ್ಕ ಮೊದಲೇ ತೆಗೆದಿರಬೇಕು.

ಸ್ಟಡ್ ಒಳಗೇ ಮುರಿದಿದ್ದರೆ ನಟ್ಟನಡುವೆ ಪಂಚ್ ಮಾಡಿ, ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಹಾಕಬೇಕು. ಕೆಲವೊಮ್ಮೆ ಕೊರೆಯುವಾಗಲೇ ತುಂಡು ಹೊರಬರುತ್ತದೆ. ಎಕ್ಸ್‌ಟ್ರಾಕ್ಟರ್ ಬಳಸುವಾಗ ಎಚ್ಚರ: ಅದು ಗಟ್ಟಿ ಆದರೂ ಪೆಡಸು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯುವುದಿಲ್ಲ. ಥ್ರೆಡ್ ಹಾಳಾದರೆ ಹೆಲಿಕಾಯಿಲ್ ಹಾಕಿಸಿ ಹೊಸ ಥ್ರೆಡ್ ಮಾಡಿಸಬಹುದು.

ಮತ್ತೆ ಹಾಕುವಾಗ

ಸೈಲೆನ್ಸರ್ ಸ್ಟಡ್‌ಗೆ ಶಾಖ ತಡೆಯುವ ಆಂಟಿ-ಸೀಜ್ ಸವರಿ. ಜಿಡ್ಡು ಸವರಿದ ಬೋಲ್ಟ್ ಅಷ್ಟೇ ಟಾರ್ಕ್‌ಗೆ ಹೆಚ್ಚು ಬಿಗಿಯಾಗುವುದರಿಂದ ಕೈ ಸ್ವಲ್ಪ ಹಗುರವಿರಲಿ. ಅಂದಕ್ಕಾಗಿ ಸ್ಟೇನ್‌ಲೆಸ್ ಬೋಲ್ಟ್ ಹಾಕುವವರು ಗಮನಿಸಿ: ಅಲ್ಯೂಮಿನಿಯಂ ಜೊತೆ ಅದೂ ಹಿಡಿದುಕೊಳ್ಳುತ್ತದೆ. ಸಾಮಾನ್ಯ ಎ2-70 ಸ್ಟೇನ್‌ಲೆಸ್‌ನ ಎಳೆತ ಬಲ 700 ಮೆಗಾಪಾಸ್ಕಲ್, 10.9 ಗ್ರೇಡ್ ಉಕ್ಕಿನದು 1,000. ಬ್ರೇಕ್ ಕ್ಯಾಲಿಪರ್‌ಗೆ ಕಂಪನಿ ಹೇಳಿದ ಬೋಲ್ಟನ್ನೇ ಹಾಕಿ.

ಎಣ್ಣೆ, ಶಾಖ ಎರಡಕ್ಕೂ ಜಗ್ಗದಿದ್ದರೆ ಮೆಕ್ಯಾನಿಕ್ ಬಳಿ ಹೋಗಿ. ಬೋಲ್ಟ್ ಮುರಿಯುವ ಮುನ್ನ ಹೋದರೆ ಅರ್ಧ ಗಂಟೆಯ ಕೆಲಸ, ಮುರಿದ ಮೇಲೆ ಹೋದರೆ ದಿನಗಟ್ಟಲೆಯ ಕೆಲಸ.