ಬಿಸಿಲಿಗೆ ಬಿದ್ದ ತೆರೆಯನ್ನು ಅಳೆದ ಕಥೆ

ಬೇಸಿಗೆಯಲ್ಲಿ ನವಲಗುಂದ, ಅಣ್ಣಿಗೇರಿಯ ಬಯಲಿನಲ್ಲಿ ನಿಂತು ದೂರ ದಿಟ್ಟಿಸಿದರೆ ಬಾನಂಚು ಮಸುಕಾಗಿ ಕಾಣುತ್ತದೆ. ಎರೆ ಹೊಲದ ಧೂಳು, ಹತ್ತಿಕಟ್ಟಿಗೆ ಸುಟ್ಟ ಹೊಗೆ, ವಾಹನಗಳ ಮಸಿ ಇವೆಲ್ಲ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು. ವಿಜ್ಞಾನಿಗಳು ಇವನ್ನು ಏರೋಸಾಲ್ ಎನ್ನುತ್ತಾರೆ. ಇವು ಬಿಸಿಲನ್ನು ಚದರಿಸುತ್ತವೆ, ಕೆಲವು ಹೀರಿಕೊಳ್ಳುತ್ತವೆ. ಹೀಗೆ ಕುಂದಿದ ಬೆಳಕನ್ನು ಅಳೆಯಲು ಮನುಷ್ಯ ಕಲಿತದ್ದು ಹೇಗೆ?

ಫ್ರಾನ್ಸಿನ ಪಿಯೆರ್ ಬೂಗೇ ಚಂದ್ರನ ಬೆಳಕನ್ನು ಎರಡು ಬೇರೆ ಎತ್ತರಗಳಲ್ಲಿ ಹೋಲಿಸಿ ನೋಡಿದ. 1729ರಲ್ಲಿ ಪ್ರಕಟವಾದ ಅವನ ಗ್ರಂಥ ಒಂದು ನಿಯಮವನ್ನು ತಿಳಿಸಿತು: ಗಾಳಿಯ ಸಮಾನ ಪದರಗಳು ಬೆಳಕಿನ ಸಮಾನ ಪಾಲನ್ನು ಕಳೆಯುತ್ತವೆ. ಇಂದಿನ ‘ಆಪ್ಟಿಕಲ್ ಡೆಪ್ತ್’ ಎಂಬ ಅಳತೆಗೆ ಇದೇ ತಳಹದಿ. ಸೂರ್ಯ ನಡುನೆತ್ತಿಯಲ್ಲಿದ್ದಾಗ ಈ ಅಳತೆ 1 ಆದರೆ, ನೂರು ಪಾಲು ನೇರ ಬೆಳಕಿನಲ್ಲಿ ನೆಲಕ್ಕೆ ಬರುವುದು ಸುಮಾರು 37. ಅಳತೆ 2 ಆದರೆ ಸುಮಾರು 14 ಮಾತ್ರ.

ನಮ್ಮ ದೇಶದಲ್ಲಿ ಇಸ್ರೋ ವಿಜ್ಞಾನಿಗಳು 1980ರ ದಶಕದಲ್ಲಿ ಸೂರ್ಯನ ಬೆಳಕನ್ನು ಹತ್ತು ತರಂಗಾಂತರಗಳಲ್ಲಿ ಅಳೆಯುವ ರೇಡಿಯೋಮೀಟರುಗಳನ್ನು ನೆಲದ ಮೇಲೆ ನಿಲ್ಲಿಸಿದರು. ಅಂಥ ಕೇಂದ್ರಗಳಲ್ಲಿ ನಮ್ಮ ಮೈಸೂರೂ ಒಂದು. ಆದರೆ ಪ್ರತಿ ತಾಲ್ಲೂಕಿಗೂ ಯಂತ್ರ ಇಡುವುದು ಸಾಧ್ಯವೇ? ಅದಕ್ಕೇ ಉಪಗ್ರಹ ಬೇಕಾಯಿತು.

1991ರ ಜೂನಿನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ, ಅದರ ಕಣಗಳ ತೆರೆ ಭೂಮಿಯನ್ನೇ ಆವರಿಸುವುದನ್ನು ಉಪಗ್ರಹಗಳು ಕಂಡವು. ಜಗತ್ತಿನ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು.

ಕಡಲು ಕಪ್ಪಾಗಿ ಕಾಣುವುದರಿಂದ ಅದರ ಮೇಲಿನ ಕಣಗಳನ್ನು ಗುರುತಿಸುವುದು ಸುಲಭ. ನೆಲ ತಾನೇ ಬೆಳಕನ್ನು ಹಿಂದಿರುಗಿಸುವುದರಿಂದ ಅಲ್ಲಿ ಲೆಕ್ಕ ತೊಡಕಾಯಿತು. 1999ರ ಟೆರ್ರಾ ಮತ್ತು 2002ರ ಆಕ್ವಾ ಉಪಗ್ರಹಗಳ ‘ಮೋಡಿಸ್’ ಉಪಕರಣ ಇದಕ್ಕೆ ಒಂದು ಉಪಾಯ ಒದಗಿಸಿತು. ಅವಕೆಂಪು ಕಿರಣ ಹೊಗೆಯ ಸಣ್ಣ ಕಣಗಳನ್ನು ಬಹುಮಟ್ಟಿಗೆ ದಾಟಿಹೋಗುತ್ತದೆ. ಅದರಿಂದ ನೆಲದ ಹೊಳಪನ್ನು ಅಂದಾಜು ಮಾಡಿ, ಕಂಡ ಬೆಳಕಿನಿಂದ ಆ ಪಾಲನ್ನು ಬೇರ್ಪಡಿಸಿದರೆ ಗಾಳಿಯ ಪಾಲು ತಿಳಿಯುತ್ತದೆ. ಕಲಘಟಗಿಯ ಕಾಡಂಚಿನ ಹಸಿರಿನ ಮೇಲೆ ಈ ಲೆಕ್ಕ ಸಲೀಸು. ಬೆಳೆ ಕೊಯ್ದು ಬರಿದಾದ ಬಯಲಿನ ಮೇಲೆ ತಪ್ಪುವ ಸಂಭವ ಹೆಚ್ಚು.

ಇನ್ನೂ ಕೆಲವು ಮಿತಿಗಳಿವೆ. ಮಳೆಗಾಲದಲ್ಲಿ ಮೋಡ ಕವಿದರೆ ಈ ಲೆಕ್ಕ ನಡೆಯದು. ಮೋಡಿಸಿನ ಮೊದಲ ನಕ್ಷೆಗಳಲ್ಲಿ ಒಂದೊಂದು ಚೌಕ 10 ಕಿಲೋಮೀಟರ್ ಅಗಲ. ಕುಂದಗೋಳದ ಒಂದು ಓಣಿಯ ಹೊಗೆ ಅದರಲ್ಲಿ ಬೇರೆಯಾಗಿ ಕಾಣದು. ಮೇಲಾಗಿ ಉಪಗ್ರಹ ಕೊಡುವುದು ನೆಲದಿಂದ ಆಕಾಶದವರೆಗಿನ ಒಟ್ಟು ಲೆಕ್ಕ. ನಾವು ಉಸಿರಾಡುವುದು ಕೆಳಗಿನ ಪದರವನ್ನು ಮಾತ್ರ.

ಆದುದರಿಂದ ಇಂಥ ನಕ್ಷೆ ನಿಮ್ಮ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ: ಆ ದಿನ ಮೋಡವಿತ್ತೇ? ಕೆಳಗಿನ ನೆಲ ಎಂಥದು? ಹತ್ತಿರದ ನೆಲದ ಯಂತ್ರ ಏನು ಹೇಳಿತು? ಪೈರಿಗೆ ದೊರೆತ ಬಿಸಿಲನ್ನೂ ಊರಿನ ಗಾಳಿಯನ್ನೂ ಕುರಿತು ತೀರ್ಮಾನಿಸುವುದು ಆಮೇಲಿನ ಮಾತು.