ತಿರ್ಹುತಾ ಲಿಪಿಯ ಅಂಕಿಗಳ ಡಿಜಿಟಲ್ ಸಂಕೇತೀಕರಣ

ಬಿಹಾರದ ಮಿಥಿಲಾ ಪ್ರದೇಶ ಹಾಗೂ ನೇಪಾಳದ ತರಾಯಿ ಭಾಗದ ಮೈಥಿಲಿ ಭಾಷೆಯನ್ನು 2003ರಲ್ಲಿ ಸಂವಿಧಾನದ 92ನೇ ತಿದ್ದುಪಡಿಯ ಮೂಲಕ ಎಂಟನೇ ಅನುಸೂಚಿಗೆ ಸೇರಿಸಲಾಯಿತು. ಈಗ ಇದನ್ನು ಹೆಚ್ಚಾಗಿ ದೇವನಾಗರಿಯಲ್ಲಿ ಬರೆಯಲಾಗುತ್ತಿದ್ದರೂ, ಇದರ ಪಾರಂಪರಿಕ ಲಿಪಿಯು ತಿರ್ಹುತಾ ಅಥವಾ ಮಿಥಿಲಾಕ್ಷರವಾಗಿರುತ್ತದೆ. ತಾಳೆಗರಿ ಗ್ರಂಥಗಳು ಹಾಗೂ ವಿವಾಹ ಸಂಬಂಧ ನಿರ್ಣಯಿಸಲು ಬಳಸುವ ‘ಪಂಜಿ’ ಎಂಬ ವಂಶಾವಳಿಗಳು ಈ ಲಿಪಿಯಲ್ಲಿವೆ.

ಜೂನ್ 2014ರಲ್ಲಿ ಪ್ರಕಟವಾದ ಯುನಿಕೋಡ್ 7.0 ಆವೃತ್ತಿಯಲ್ಲಿ ತಿರ್ಹುತಾ ಲಿಪಿಗೆ ಪ್ರತ್ಯೇಕ ಸ್ಥಾನ ನೀಡಲಾಯಿತು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳಿಗೆ ಅನುಕ್ರಮವಾಗಿ 114ಡಿ0ರಿಂದ 114ಡಿ9ರವರೆಗಿನ ಸಂಕೇತಗಳನ್ನು ನಿಗದಿಪಡಿಸಲಾಗಿದೆ.

ಲಿಪಿಯು ಬಂಗಾಳಿಯನ್ನು ಬಹಳವಾಗಿ ಹೋಲುವುದರಿಂದ ಪ್ರತ್ಯೇಕ ಸಂಕೇತವೇಕೆ ಎಂಬ ಪ್ರಶ್ನೆ ಸಹಜ. ಬೇರೆ ಲಿಪಿಯ ಸಂಕೇತದ ಮೇಲೆ ತಿರ್ಹುತಾ ರೂಪವನ್ನು ಕೂರಿಸಿದ ಫಾಂಟಿನಲ್ಲಿ ದಾಖಲೆ ಸಿದ್ಧಪಡಿಸಿದಲ್ಲಿ, ಆ ಫಾಂಟ್ ಇಲ್ಲದ ಗಣಕದಲ್ಲಿ ಬೇರೆಯದೇ ಅಕ್ಷರ ಕಾಣಿಸುತ್ತದೆ. ಯುನಿಕೋಡ್‌ನಲ್ಲಿ ಪ್ರತಿ ಅಂಕಿಗೂ ಅದರ ಬೆಲೆಯನ್ನು ಜೋಡಿಸಲಾಗಿದ್ದು, ಗಣಕವು ಆಕಾರವನ್ನು ನೋಡದೆ ಬೆಲೆಯನ್ನು ಓದುತ್ತದೆ. ಮನುಷ್ಯರ ಕಣ್ಣು ಹಾಗಲ್ಲ. ಬಂಗಾಳಿಯ ನಾಲ್ಕನ್ನು ಅರಿಯದವರು 8 ಎಂದೇ ಓದುತ್ತಾರೆ.

ಹಸ್ತಪ್ರತಿಗಳ ಕಾಲನಿರ್ಣಯದಲ್ಲಿ ಇದು ಅತಿ ಮುಖ್ಯ. ಮಿಥಿಲೆಯ ಅನೇಕ ಪ್ರತಿಗಳ ಕೊನೆಯಲ್ಲಿ ಲಕ್ಷ್ಮಣ ಸಂವತ್ಸರದ ವರ್ಷವನ್ನು ಅಂಕಿಗಳಲ್ಲಿ ನಮೂದಿಸಲಾಗಿರುತ್ತದೆ. ಈ ಶಕೆಯ ಆರಂಭದ ವರ್ಷದ ಬಗ್ಗೆಯೇ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನೂರರ ಸ್ಥಾನದ ಒಂದು ಅಂಕಿಯನ್ನು ತಪ್ಪಾಗಿ ದಾಖಲಿಸಿದರಂತೂ ಗ್ರಂಥವು ಶತಮಾನಗಳಷ್ಟು ಹಿಂದೆ ಮುಂದೆ ಸರಿಯುತ್ತದೆ.

ಈ ಸಂಕೇತಗಳು ಯುನಿಕೋಡ್‌ನ ಮೂಲ ತಳದ ಹೊರಗಿರುವುದರಿಂದ, ಯುಟಿಎಫ್-8 ಕ್ರಮದಲ್ಲಿ ಪ್ರತಿ ಅಂಕಿಗೆ 4 ಬೈಟ್ ಬೇಕಾಗುತ್ತದೆ (ಕನ್ನಡ ಅಂಕಿಗೆ 3). ಗರಿಷ್ಠ 3 ಬೈಟ್‌ಗೆ ಮಿತಿಗೊಳಿಸಿದ ದತ್ತಸಂಚಯಗಳಲ್ಲಿ ಇವು ಉಳಿಯುವುದಿಲ್ಲವಾದ್ದರಿಂದ ಮೊದಲು ಪರೀಕ್ಷಿಸಿಕೊಳ್ಳುವುದು ಸೂಕ್ತ. ಅಂಕಿಗಳ ಬದಲು ಚೌಕಗಳು ಮಾತ್ರ ಕಂಡಲ್ಲಿ ದತ್ತಾಂಶ ನಷ್ಟವಾಗಿದೆ ಎಂದು ಭಾವಿಸಬೇಕಿಲ್ಲ. ನೋಟೋ ಸಾನ್ಸ್ ತಿರ್ಹುತಾದಂತಹ ಫಾಂಟನ್ನು ಅಳವಡಿಸಿ ನೋಡಬಹುದು.

ಭಿನ್ನರಾಶಿಗಳು

ಹಳೆಯ ಲೆಕ್ಕಪತ್ರಗಳಿಗೆ ಹತ್ತು ಅಂಕಿಗಳಷ್ಟೇ ಸಾಲವು. ರೂಪಾಯಿಗೆ 16 ಆಣೆ ಇದ್ದ ಕಾಲದಲ್ಲಿ ಕಾಲು, ಅರೆ, ಮುಕ್ಕಾಲು, ಹದಿನಾರನೇ ಒಂದು, ಎಂಟನೇ ಒಂದು, ಹದಿನಾರನೇ ಮೂರು ಭಾಗಗಳಿಗೆ ಬೇರೆ ಬೇರೆ ಚಿಹ್ನೆಗಳಿದ್ದವು. 7 ಆಣೆ ಬರೆಯಲು ಕಾಲು (4 ಆಣೆ) ಮತ್ತು ಹದಿನಾರನೇ ಮೂರರ (3 ಆಣೆ) ಚಿಹ್ನೆಗಳನ್ನು ಜೊತೆಗೂಡಿಸಿದರಾಯಿತು. ಲೆಕ್ಕಿಗರ ಜಾಣ್ಮೆ ಮೆಚ್ಚತಕ್ಕದ್ದು! ಈ ಚಿಹ್ನೆಗಳು ಹಲವು ಲಿಪಿಗಳಿಗೆ ಸಮಾನವಾದ್ದರಿಂದ ತಿರ್ಹುತಾದ ಅಡಿಯಲ್ಲಿ ಮತ್ತೆ ಸೇರಿಸದೆ, 2009ರ 5.2 ಆವೃತ್ತಿಯಲ್ಲಿ ರೂಪಿಸಿದ್ದ ಸಾಮಾನ್ಯ ಭಾರತೀಯ ಸಂಖ್ಯಾರೂಪಗಳ ವಿಭಾಗದಿಂದಲೇ ಪಡೆಯಲಾಗುತ್ತದೆ. ಇವುಗಳಲ್ಲಿ ಕಾಲು, ಅರೆ, ಮುಕ್ಕಾಲುಗಳು ಕನ್ನಡ ಲಿಪಿಯೊಡನೆಯೂ ಬಳಕೆಯಾಗುವ ಚಿಹ್ನೆಗಳೆಂದು ಯುನಿಕೋಡ್ ದತ್ತಾಂಶದಲ್ಲಿ ನಮೂದಾಗಿವೆ.